ಹೊಸ ತಳಿಯನ್ನು ನಿಮ್ಮ ಗದ್ದೆಯಲ್ಲೇ ಒರೆಗೆ ಹಚ್ಚಿ

ಕಾರ್ಕಳ ತಾಲ್ಲೂಕಿನ ಮುಂಗಾರು ಬೆಳೆಯಲ್ಲಿ ಎಂ.ಒ.-4 ಭತ್ತ ಬಹುಕಾಲದಿಂದ ನೆಲೆಯೂರಿದೆ. ಕೇರಳದ ಮಂಕೊಂಬು ಸಂಶೋಧನಾ ಕೇಂದ್ರದಿಂದ ಬಂದ ಈ ಕೆಂಪಕ್ಕಿ ತಳಿ ನಮ್ಮ ಕುಚ್ಚಲಕ್ಕಿ ಊಟಕ್ಕೆ ಒಗ್ಗಿಹೋಗಿದೆ. ಈಚೆಗೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಹೊರತಂದ ಸಹ್ಯಾದ್ರಿ ಪಂಚಮುಖಿ ಎಂಬ ಕೆಂಪಕ್ಕಿ ತಳಿಯೂ ರೈತರ ಕೈಸೇರಿದೆ. ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗಬೇಕೇ? ಹೋದರೆ ಎಷ್ಟು ಎಕರೆಗೆ? ಮನೆಯ ಅನ್ನ, ಹಟ್ಟಿಯ ಬೈಹುಲ್ಲು ಎರಡೂ ಈ ತೀರ್ಮಾನವನ್ನು ಅವಲಂಬಿಸಿವೆ. ಆದುದರಿಂದ ಉತ್ತರವನ್ನು ಸ್ವಂತ ಗದ್ದೆಯಿಂದಲೇ ಪಡೆಯುವುದು ಲೇಸು.

ಕಣ್ಣಂದಾಜು ಏಕೆ ಸಾಲದು?

ನಮ್ಮಲ್ಲಿ ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳು ಮೆಟ್ಟಿಲುಗಳಂತೆ ಇವೆ. ವರ್ಷಕ್ಕೆ 4,000 ಮಿ.ಮೀ.ಗೂ ಮೀರಿ ಸುರಿಯುವ ಮಳೆಯಲ್ಲಿ ಮೇಲಿನ ಗದ್ದೆಯ ಸಾರ ಕೆಳಗಿನ ಗದ್ದೆಗೆ ಇಳಿಯುತ್ತದೆ. ಹೊಸ ತಳಿಯನ್ನು ಬೈಲು ಗದ್ದೆಯಲ್ಲೂ ಹಳೆಯದನ್ನು ಬೆಟ್ಟು ಗದ್ದೆಯಲ್ಲೂ ನಾಟಿ ಮಾಡಿದರೆ ಗೆಲ್ಲುವುದು ತಳಿಯಲ್ಲ, ಗದ್ದೆ. ಹೋದ ವರ್ಷದ ಇಳುವರಿಯನ್ನು ಈ ವರ್ಷದ್ದಕ್ಕೆ ಹೋಲಿಸಿದರೂ ಅಷ್ಟೆ. ಅಲ್ಲಿ ಗೆಲ್ಲುವುದು ಮಳೆ.

ಈ ತೊಡಕನ್ನು ಬಿಡಿಸಿದವರಲ್ಲಿ ಪ್ರಮುಖರು ಆರ್.ಎ. ಫಿಷರ್. ಅವರು 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು ಸೇರಿ, ಅಲ್ಲಿನ ಹೊಲಗಳ ಲೆಕ್ಕಗಳಿಂದ ಮೂರು ನಿಯಮಗಳನ್ನು ರೂಪಿಸಿದರು: ಹೋಲಿಸುವ ಎರಡನ್ನೂ ಒಂದೇ ಬಗೆಯ ನೆಲದಲ್ಲಿ ಅಕ್ಕಪಕ್ಕ ಇಡಬೇಕು, ಹಲವು ಕಡೆ ಪುನರಾವರ್ತಿಸಬೇಕು, ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಸಂಶೋಧನಾ ಕೇಂದ್ರಗಳ ಈ ನಿಯಮಗಳು ರೈತನ ಗದ್ದೆಗೂ ಸಲ್ಲುತ್ತವೆ.

ಪರೀಕ್ಷೆ ನಡೆಸುವ ಕ್ರಮ

1. ಐದು ಗದ್ದೆಗಳನ್ನು ಆರಿಸಿ. ಅಷ್ಟು ಗದ್ದೆಗಳಿಲ್ಲದವರು ಐದು ಮನೆಯವರು ಕೂಡಿ, ಒಬ್ಬೊಬ್ಬರು ಒಂದು ಗದ್ದೆಯನ್ನು ಕೊಡಬಹುದು.

2. ಪ್ರತಿ ಗದ್ದೆಯನ್ನು ನೀರು ಹರಿಯುವ ದಿಕ್ಕಿನಲ್ಲಿ ಉದ್ದಕ್ಕೆ ಎರಡು ಭಾಗ ಮಾಡಿ. ಆಗ ನೀರು ಬರುವ ಬದಿಯೂ ಹೋಗುವ ಬದಿಯೂ ಎರಡು ತಳಿಗಳಿಗೂ ಸಮನಾಗಿ ಸಿಗುತ್ತವೆ. ಗೊಬ್ಬರದ ಪರೀಕ್ಷೆಯಾದರೆ ನಡುವೆ ಬದು ಹಾಕಲೇಬೇಕು.

3. ಯಾವ ಭಾಗಕ್ಕೆ ಯಾವ ತಳಿ ಎಂಬುದನ್ನು ಪ್ರತಿ ಗದ್ದೆಯಲ್ಲೂ ನಾಣ್ಯ ಚಿಮ್ಮಿ ನಿರ್ಧರಿಸಿ. ನಾವೇ ಆರಿಸಿದರೆ ಮೆಚ್ಚಿದ ತಳಿಗೆ ಅರಿಯದೆಯೇ ಒಳ್ಳೆಯ ಬದಿ ಸಲ್ಲುತ್ತದೆ.

4. ನೇಜಿಯ ವಯಸ್ಸು, ನಾಟಿಯ ದಿನ, ಹಟ್ಟಿಗೊಬ್ಬರ, ರಸಗೊಬ್ಬರ ಎಲ್ಲವೂ ಎರಡಕ್ಕೂ ಒಂದೇ ಇರಲಿ. ಬದಲಾಗುವುದು ತಳಿ ಮಾತ್ರ.

5. ನಾಟಿಯ ದಿನ, ನೆರೆ ನಿಂತ ದಿನಗಳು, ಕೀಟ ಮತ್ತು ರೋಗ, ಪೈರು ಬಿದ್ದುದು ಇವನ್ನು ಆಯಾ ದಿನವೇ ಪುಸ್ತಕದಲ್ಲಿ ಬರೆಯಿರಿ.

6. ತೆನೆ ಮಾಗಿದಾಗ ಪ್ರತಿ ಭಾಗದಲ್ಲೂ ಬದುವಿನಿಂದ ದೂರವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕವನ್ನು ಅಳೆದು ಕೊಯ್ಯಿರಿ. ಚೌಕದ ಜಾಗವನ್ನೂ ಚೀಟಿ ಎತ್ತಿಯೇ ಗೊತ್ತುಮಾಡಿ. ಕಾಳನ್ನು ಚೆನ್ನಾಗಿ ಒಣಗಿಸಿದ ಮೇಲೆ ತೂಗಿ. ಹಸಿ ಭತ್ತದ ತೂಕ ಮೋಸಮಾಡುತ್ತದೆ. ಬೆಳೆ ವಿಮೆಗಾಗಿ ನಡೆಸುವ ಬೆಳೆ ಕಟಾವು ಪ್ರಯೋಗದಲ್ಲೂ ಭತ್ತಕ್ಕೆ ಇದೇ ಅಳತೆಯ ಚೌಕವಿದೆ. ಚೌಕದ ತೂಕವನ್ನು 162ರಿಂದ ಗುಣಿಸಿದರೆ ಎಕರೆಯ ಇಳುವರಿ ದೊರೆಯುತ್ತದೆ.

ಲೆಕ್ಕ ಓದುವ ಬಗೆ

ಉದಾಹರಣೆಗೆ, ಐದು ಚೌಕಗಳಲ್ಲಿ ಹಳೆಯ ತಳಿ 11.2, 9.8, 10.4, 8.9, 9.7 ಕೆ.ಜಿ. ಕೊಟ್ಟಿತೆಂದೂ, ಹೊಸದು ಅದೇ ಕ್ರಮದಲ್ಲಿ 12.0, 10.9, 10.1, 9.8, 10.7 ಕೆ.ಜಿ. ಕೊಟ್ಟಿತೆಂದೂ ಇಟ್ಟುಕೊಳ್ಳೋಣ. ಸರಾಸರಿಯಲ್ಲಿ ಹೊಸದು 0.7 ಕೆ.ಜಿ. ಮುಂದಿದೆ. ಎಂದರೆ ಎಕರೆಗೆ ಸುಮಾರು 113 ಕೆ.ಜಿ. ಹೆಚ್ಚು. ಆದರೆ ಮೂರನೆಯ ಗದ್ದೆಯಲ್ಲಿ ಹೊಸದು ಸೋತಿದೆ. ಇಲ್ಲಿ ಅವಸರ ಸಲ್ಲದು.

ಎರಡು ತಳಿಗಳೂ ನಿಜವಾಗಿ ಸಮವೆಂದೇ ಭಾವಿಸಿ. ಆಗ ಪ್ರತಿ ಗದ್ದೆಯ ಗೆಲುವು ನಾಣ್ಯ ಚಿಮ್ಮಿದಂತೆ. ಹೊಸದು ಐದರಲ್ಲಿ ನಾಲ್ಕು ಅಥವಾ ಐದು ಸಲ ಗೆಲ್ಲುವುದು ಬರಿಯ ಅದೃಷ್ಟದಿಂದಲೇ 32ಕ್ಕೆ 6 ಸಲ, ಅಂದರೆ ಸುಮಾರು ಐದಕ್ಕೆ ಒಮ್ಮೆ ಆಗಬಹುದು. ಇಷ್ಟು ಮಾತ್ರದ ಪುರಾವೆಗೆ ಇಡೀ ಭೂಮಿಯನ್ನು ಒಡ್ಡುವುದು ತರವಲ್ಲ. ಮುಂದಿನ ಮುಂಗಾರಿನಲ್ಲಿ ಪರೀಕ್ಷೆಯನ್ನು ಮತ್ತೆ ನಡೆಸಿ. ಆಗ ಐದೂ ಗದ್ದೆಗಳಲ್ಲಿ ಹೊಸದೇ ಗೆದ್ದರೆ ಹತ್ತರಲ್ಲಿ ಒಂಬತ್ತು ಗೆಲುವಾಯಿತು. ಅದೃಷ್ಟ ಮಾತ್ರದಿಂದ ಅಂಥದು ಸುಮಾರು ನೂರಕ್ಕೆ ಒಮ್ಮೆ. ಈಗ ನಂಬಬಹುದು. ಎರಡು ವರ್ಷ ನೋಡುವುದರಿಂದ ಮಳೆ ಹೆಚ್ಚಾದ ವರ್ಷ, ಕಡಿಮೆಯಾದ ವರ್ಷ ಎರಡರ ಗುಣವೂ ತಿಳಿಯುವ ಸಂಭವ ಹೆಚ್ಚು.

ಸೋತ ಮೂರನೆಯ ಗದ್ದೆಯನ್ನು ಮರೆಯಬಾರದು. ಅಲ್ಲಿ ನೀರು ನಿಂತಿತ್ತೇ, ಹುಳ ಬಿದ್ದಿತ್ತೇ ಎಂಬುದನ್ನು ಪುಸ್ತಕ ಹೇಳಬೇಕು. ಹೊಸ ತಳಿ ಮಜಲಿಗೆ ಒಗ್ಗಿ ಬೈಲಿಗೆ ಒಗ್ಗದಿರಬಹುದು, ಅಥವಾ ಅದಕ್ಕೆ ವಿರುದ್ಧವೂ ಇರಬಹುದು.

ಗೆಲುವು ಎಷ್ಟಿದ್ದರೆ ಸಾಕು?

ಇದನ್ನು ನಾಟಿಗೆ ಮೊದಲೇ ಬರೆದಿಡಬೇಕು. ಕೊಯ್ಲಾದ ಮೇಲೆ ಮನಸ್ಸು ತನಗೆ ಬೇಕಾದ ಕಡೆ ವಾಲುತ್ತದೆ. ಹೊಸ ತಳಿಗೆ ಎಕರೆಗೆ ತಗಲುವ ಹೆಚ್ಚಿನ ಖರ್ಚನ್ನು ಭತ್ತದ ಕಿಲೋ ದರದಿಂದ ಭಾಗಿಸಿ. ಹೆಚ್ಚಿನ ಖರ್ಚು 1,500 ರೂ., ದರ 25 ರೂ. ಎಂದಾದರೆ 60 ಕೆ.ಜಿ. ಹೆಚ್ಚು ಬಂದಲ್ಲಿ ಖರ್ಚಿಗೆ ಸರಿ. ಮೇಲಿನ 113 ಕೆ.ಜಿ. ಅದನ್ನು ದಾಟುತ್ತದೆ. ಬೈಹುಲ್ಲು ಕಡಿಮೆಯಾದರೆ ಅದರ ಬೆಲೆಯನ್ನೂ ಖರ್ಚಿಗೆ ಸೇರಿಸಬೇಕು. ಗಿರಣಿಯಲ್ಲಿ ಅಕ್ಕಿ ಎಷ್ಟು ಇಳಿಯಿತು, ಅನ್ನ ಮನೆಯವರಿಗೆ ಹಿಡಿಸಿತೇ ಎಂಬುದನ್ನೂ ನೋಡಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಪ್ರಾತ್ಯಕ್ಷಿಕೆಯಲ್ಲಿ ಹೊಸ ತಳಿಯನ್ನಷ್ಟೇ ತೋರಿಸದೆ, ಅದರ ಪಕ್ಕದಲ್ಲೇ ರೈತರ ರೂಢಿಯ ತಳಿಯನ್ನೂ ಬೆಳೆಸಿರಿ. ತೂಗುವಾಗ ಊರವರು ಎದುರಿಗಿರಲಿ. ಸೋತ ಗದ್ದೆಯ ಲೆಕ್ಕವನ್ನೂ ಗೆದ್ದ ಗದ್ದೆಯ ಲೆಕ್ಕದಂತೆಯೇ ಓದಿ ಹೇಳಿರಿ.

ಮುಂದಿನ ಮುಂಗಾರಿಗೆ ಬೀಜ ತರುವಾಗ ಪರೀಕ್ಷೆಗೆ ಬೇಕಾದಷ್ಟನ್ನು ಮಾತ್ರ ತನ್ನಿ. ಜೊತೆಗೆ ಒಂದು ಅಳತೆ ಪಟ್ಟಿ, ಒಂದು ತಕ್ಕಡಿ, ಒಂದು ನೋಟುಪುಸ್ತಕ ಇದ್ದರೆ ಸಾಕು. ಉಳಿದ ಗದ್ದೆಗಳಲ್ಲಿ ನಿಮಗೆ ಗೊತ್ತಿರುವ ತಳಿಯೇ ಇರಲಿ.