ಹಾಡಲೊಲ್ಲೆ ಎಂದ ಗಾಯಕ, ಬಾಯಿ ಮುಚ್ಚಿದ ಬಾನುಲಿ

ಯುದ್ಧದ ವಿರುದ್ಧವೋ ಸರಕಾರದ ವಿರುದ್ಧವೋ ದನಿಯೆತ್ತಿದ ಹಾಡನ್ನು ರೇಡಿಯೊ ದೂರವಿಟ್ಟ ಉದಾಹರಣೆಗಳು ಹಲವು. 1968ರಲ್ಲಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಅಮೆರಿಕದ ‘ದಿ ಡೋರ್ಸ್’ ಎಂಬ ಸೈಕೆಡೆಲಿಕ್ ರಾಕ್ ತಂಡ ‘ದಿ ಅನ್‌ನೋನ್ ಸೋಲ್ಜರ್’ ಎಂಬ ಧ್ವನಿಮುದ್ರಿಕೆ ಹೊರತಂದಿತು. ಹಾಡಿನ ನಡುವೆ ಕವಾಯತಿನ ಹೆಜ್ಜೆ, ಗುಂಡಿನ ಸದ್ದು. ಅನೇಕ ಕೇಂದ್ರಗಳು ಅದನ್ನು ಪ್ರಸಾರ ಮಾಡಲಿಲ್ಲ. ಆದರೂ ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ 39ನೇ ಸ್ಥಾನಕ್ಕೇರಿತು. ಅಲ್ಲಿ ಕೇಂದ್ರಗಳಿಗೆ ಬೇರೆ ಬೇರೆ ಒಡೆಯರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಾಕಬಹುದಿತ್ತು.

ನಮ್ಮಲ್ಲಿ ಆಗ ರೇಡಿಯೊ ಎಂದರೆ ಸರಕಾರದ ಆಕಾಶವಾಣಿ ಒಂದೇ. ವಿಚಿತ್ರವೆಂದರೆ ಆ ಹೆಸರು ಬಂದದ್ದು ಖಾಸಗಿ ಪ್ರಯತ್ನವೊಂದರಿಂದ: 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿಯಿಂದ.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಜಾರಿಯಾಯಿತು. ಸರಕಾರದ 20 ಅಂಶಗಳ ಕಾರ್ಯಕ್ರಮದ ಪ್ರಚಾರಕ್ಕೆ ಸಹಕರಿಸುವಂತೆ ಗಾಯಕ ಕಿಶೋರ್ ಕುಮಾರ್ ಅವರನ್ನು ಕೇಳಲಾಯಿತು. ಅವರು ಒಪ್ಪಲಿಲ್ಲ. 1976ರ ಮೇ 4ರಿಂದ ಅವರ ಹಾಡುಗಳು ಆಕಾಶವಾಣಿ, ದೂರದರ್ಶನಗಳಿಂದ ಮಾಯವಾದವು. ವಿ.ಸಿ. ಶುಕ್ಲಾ ಆಗ ವಾರ್ತಾ ಸಚಿವರು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಷಾ ಆಯೋಗ ಈ ಪ್ರಕರಣವನ್ನೂ ವಿಚಾರಣೆಗೆ ಎತ್ತಿಕೊಂಡಿತು.

ಗಮನಿಸಬೇಕಾದ ಸಂಗತಿ ಇದು: ನಿಷೇಧಕ್ಕೊಳಗಾದ ಹಾಡುಗಳು ಪ್ರತಿಭಟನೆಯ ಹಾಡುಗಳಲ್ಲ, ಪ್ರೀತಿ, ವಿರಹ, ತಮಾಷೆಯ ಸಿನಿಮಾ ಹಾಡುಗಳು. 1972ರ ‘ಕುಳ್ಳ ಏಜೆಂಟ್ 000’ ಚಿತ್ರಕ್ಕೆ ರಾಜನ್-ನಾಗೇಂದ್ರ ಅವರ ಸಂಗೀತದಲ್ಲಿ ಕನ್ನಡದಲ್ಲೂ ಹಾಡಿ ನಗಿಸಿದ ಕಂಠ ಅದು. ತಪ್ಪು ಹಾಡಿನದ್ದಾಗಿರಲಿಲ್ಲ, ಹಾಡುಗಾರ ‘ಒಲ್ಲೆ’ ಎಂದದ್ದೇ ತಪ್ಪಾಯಿತು.

1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿ ಆರಂಭವಾದಾಗಲೂ ತುರ್ತು ಪರಿಸ್ಥಿತಿ ಮುಗಿದಿರಲಿಲ್ಲ. ಕೊಕ್ಕಡದಂತಹ ಘಟ್ಟದ ಬುಡದ ಊರುಗಳಿಗೆ ಕೊನೆಗೂ ಹತ್ತಿರದಲ್ಲೇ ಒಂದು ಕೇಂದ್ರ ಬಂತು, ಆದರೆ ಬಂದದ್ದು ಸ್ವಾತಂತ್ರ್ಯವಿಲ್ಲದ ಕಾಲದಲ್ಲಿ.

ಆಜ್ಞೆಯಿಂದ ಕೇಂದ್ರವನ್ನು ಸುಮ್ಮನಿರಿಸಬಹುದು, ತರಂಗಗಳನ್ನಲ್ಲ. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಸಿನಿಮಾ ಗೀತೆಗಳನ್ನು ದೂರವಿಟ್ಟಾಗಲೇ ಇದು ಗೊತ್ತಾಗಿತ್ತು. ಜನ ರೇಡಿಯೊ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. 25 ಮೀಟರ್ ತರಂಗಾಂತರವೆಂದರೆ ಆವರ್ತನ ಸುಮಾರು 12 ಮೆಗಾಹರ್ಟ್ಸ್. ಇಂತಹ ಹ್ರಸ್ವ ತರಂಗಗಳು ನೆಲದಿಂದ ನೂರಾರು ಕಿಲೋಮೀಟರ್ ಮೇಲಿರುವ ಅಯಾನುಗೋಳಕ್ಕೆ ತಾಗಿ ಬಾಗಿ, ಕಡಲನ್ನೂ ಗಡಿಯನ್ನೂ ದಾಟಿ ಕೆಳಗಿಳಿಯುತ್ತವೆ. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭಿಸದೆ ಆಕಾಶವಾಣಿಗೆ ಬೇರೆ ದಾರಿ ಇರಲಿಲ್ಲ.

1977ರ ಮಾರ್ಚ್‌ನಲ್ಲಿ ತುರ್ತು ಪರಿಸ್ಥಿತಿ ಕೊನೆಗೊಂಡಿತು, ಕಿಶೋರ್ ಮರಳಿ ಕೇಳಿಬಂದರು. ಮಕ್ಕಳು ಕೇಳುವ ಹಾಡಿನ ಬಗ್ಗೆ ಹೆತ್ತವರು ಎಚ್ಚರ ವಹಿಸುವುದು ಸಹಜ. ಆದರೆ ‘ಈ ಹಾಡು ಬೇಡ’ ಎಂದು ಮೇಲಿನಿಂದ ಅಪ್ಪಣೆ ಬಂದಾಗ ಮಕ್ಕಳು ‘ಯಾಕೆ?’ ಎಂದು ಕೇಳಲು ಕಲಿತಿರಬೇಕು. ಆ ಪ್ರಶ್ನೆಯನ್ನು ಮನೆಯಲ್ಲಿ ಗದರಿಸಿ ಅಡಗಿಸದಿದ್ದರೆ ಅಷ್ಟೇ ಸಾಕು.