ಕಲ್ಲಿಗೂ ಗಾಜಿಗೂ ಹೊಳಪಿನ ಪುಡಿ

ನಮ್ಮ ವಾಚನಾಲಯಕ್ಕೆ ಸಂಜೆ ತಪ್ಪದೆ ಬರುವ ಗುಮಾಸ್ತೆ ಮಿತ್ರರೊಬ್ಬರು ಮೊನ್ನೆ ಒಂದು ಪೊಟ್ಟಣವನ್ನು ಮೇಜಿನ ಮೇಲೆ ಬಿಚ್ಚಿದರು. ಪುಣೆಯ ಕಡೆಯ ಹಳ್ಳಗಳಲ್ಲಿ ಆಯ್ದ ಅಕೀಕು ಕಲ್ಲುಗಳು, ಸಮುದ್ರ ತೀರದಲ್ಲಿ ಹೆಕ್ಕಿದ ಸೀಸೆಯ ಚೂರುಗಳು. ಮೋಟಾರಿನಿಂದ ತಿರುಗುವ ಸಣ್ಣ ಪೀಪಾಯಿಯೊಂದನ್ನು ಕೊಂಡು, ಎರಡನ್ನೂ ಒಟ್ಟಿಗೆ ಹಾಕಿ ಐದು ವಾರ ಉರುಳಿಸಿದ್ದರಂತೆ. ಗಾಜು ಸವೆದು ಮಂಕಾಗಿತ್ತು. ಕಲ್ಲು ನುಣುಪಾಗಿದ್ದರೂ ಹೊಳೆಯುತ್ತಿರಲಿಲ್ಲ. "ಯಾವ ಪುಡಿ ಹಾಕಬೇಕಿತ್ತು, ಹೇಳಿ" ಎಂದರು.

ಈ ಕಸುಬು ಹೊಸದಲ್ಲ. ಗುಜರಾತಿನ ಖಂಭಾತದಲ್ಲಿ ಹಿಂದೆ ಅಕೀಕಿನ ಮಣಿಗಳನ್ನು ಕುರುಂದದ ಪುಡಿ ಮತ್ತು ನೀರಿನೊಡನೆ ಚರ್ಮದ ಚೀಲದಲ್ಲಿ ತುಂಬಿ, ಇಬ್ಬರು ಎದುರುಬದುರು ಕುಳಿತು ದಿನಗಟ್ಟಲೆ ಅತ್ತಿತ್ತ ಉರುಳಿಸುತ್ತಿದ್ದರು. ಇಂಗ್ಲಿಷಿನವರ 'ಕೊರಂಡಂ' ಎಂಬ ಹೆಸರು ತಮಿಳಿನ ಕುರುಂದದಿಂದಲೇ ಹೋದದ್ದು. ಇಂದು ಅಂಗಡಿಯಲ್ಲಿ ಅಲ್ಯುಮಿನಿಯಂ ಆಕ್ಸೈಡ್ ಎಂದು ಕೊಡುವ ಬಿಳಿ ಪುಡಿಯೂ ಅದೇ ವಸ್ತು.

ಪುಡಿಯನ್ನು ಆರಿಸುವ ಮೊದಲು ಗಡಸುತನವನ್ನು ತಿಳಿಯಬೇಕು. ವಜ್ರಕ್ಕೆ 10 ಎಂದಿಟ್ಟುಕೊಂಡ ಮೋಸ್ ಅಳತೆಯಲ್ಲಿ ಅಕೀಕು ಸುಮಾರು 7, ಸೀಸೆಯ ಗಾಜು ಸುಮಾರು 5.5. ಎರಡನ್ನೂ ಒಂದೇ ಪೀಪಾಯಿಗೆ ಹಾಕಿದರೆ ಕಲ್ಲೇ ಗಾಜನ್ನು ತಿನ್ನುತ್ತದೆ. ಯಾವ ಪುಡಿಯೂ ಅದನ್ನು ತಡೆಯಲಾರದು.

ಮೊದಲು ಸವೆಸುವುದು, ಆಮೇಲೆ ಹೊಳಪು. ಸವೆಸುವುದಕ್ಕೆ ಕಪ್ಪು ಸಿಲಿಕಾನ್ ಕಾರ್ಬೈಡ್ ಸಾಕು: 80, 220, 500 ಎಂದು ನಂಬರು ಏರಿದಷ್ಟೂ ಪುಡಿ ನಯ. ಕಲ್ಲಿಗೆ ಒಂದೊಂದು ಹಂತಕ್ಕೂ ವಾರ ಹಿಡಿಯುತ್ತದೆ. ಅಂಕುಡೊಂಕಾದ ಕಲ್ಲಿಗೆ ಮೊದಲ ಹಂತದಲ್ಲಿ ಇನ್ನೂ ಹೆಚ್ಚು.

ಹೊಳಪಿಗೆ ಅಕೀಕಿನ ಮಟ್ಟಿಗೆ ನಯವಾದ ಅಲ್ಯುಮಿನಿಯಂ ಆಕ್ಸೈಡೇ ನಮ್ಮ ಆಯ್ಕೆ. ತವರದ ಆಕ್ಸೈಡ್ ಚೆನ್ನಾಗಿದೆ, ಆದರೆ ದುಬಾರಿ. ಸಂಬಳದವರಿಗೆ ಅದರ ಗೊಡವೆ ಬೇಡ. ಗಾಜಿಗೆ ಸೀರಿಯಂ ಆಕ್ಸೈಡ್ ಬೇಕು. ಗಾಜಿನ ಮಸೂರಗಳಿಗೆ ಹೊಳಪು ಕೊಡುವವರು ಬಳಸುವುದೂ ಇದನ್ನೇ. ಇದು ಬರಿಯ ಉಜ್ಜುವಿಕೆಯಿಂದ ಕೆಲಸ ಮಾಡುವುದಿಲ್ಲ. ನೀರು ಗಾಜಿನ ಮೇಲ್ಪದರವನ್ನು ತುಸು ಮೆತ್ತಗೆ ಮಾಡುತ್ತದೆ, ಸೀರಿಯಂ ಅದರೊಡನೆ ರಾಸಾಯನಿಕವಾಗಿ ಕೂಡಿ ಆ ಪದರವನ್ನು ಎಬ್ಬಿಸುತ್ತದೆ. ಅಕೀಕಿನಲ್ಲಿಯೂ ಇರುವುದು ಸಿಲಿಕವೇ ಆದುದರಿಂದ ಅದಕ್ಕೂ ಸೀರಿಯಂ ಒಗ್ಗುತ್ತದೆ. ಒಂದೇ ಪುಡಿ ಕೊಳ್ಳುವುದಾದರೆ ಇದನ್ನು ಕೊಳ್ಳಿ. ಉರುಳಿಸುವುದು ಮಾತ್ರ ಬೇರೆ ಬೇರೆ. ಗಾಜಿನ ಚೂರುಗಳು ಒಂದಕ್ಕೊಂದು ಬಡಿದು ಒಡೆಯದಂತೆ ನಡುವೆ ಪ್ಲಾಸ್ಟಿಕ್ ಗುಳಿಗೆಗಳನ್ನು ಹಾಕಬೇಕು.

ಇಷ್ಟು ಹೇಳಿ ನಮ್ಮ ಮಿತ್ರರ ಪುಡಿಯ ಡಬ್ಬಿಯನ್ನು ನೋಡಿದರೆ, ಅದು ಒಳ್ಳೆಯ ಅಲ್ಯುಮಿನಿಯಂ ಆಕ್ಸೈಡೇ! ಕೆಟ್ಟದ್ದು ತೊಳೆಯುವುದರಲ್ಲಿ. 500ರ ಪುಡಿಯನ್ನು ಒಂದು ಸಲ ನೀರು ಸುರಿದು ಚೆಲ್ಲಿ, ಅದೇ ಪೀಪಾಯಿಗೆ ಹೊಳಪಿನ ಪುಡಿ ಹಾಕಿದ್ದರು. ಕಲ್ಲಿನ ಬಿರುಕಿನಲ್ಲಿ, ಮುಚ್ಚಳದ ಅಂಚಿನಲ್ಲಿ ಉಳಿದ ನಾಲ್ಕು ಕಪ್ಪು ಕಾಳುಗಳು ವಾರವೆಲ್ಲ ಗೀರುತ್ತಿದ್ದವು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ಕಲ್ಲನ್ನೂ ತಿಕ್ಕಬೇಕು. ಸಾಧ್ಯವಾದರೆ ಹೊಳಪಿಗೆ ಬೇರೆ ಪೀಪಾಯಿಯನ್ನೇ ಇಡಬೇಕು.

ಇನ್ನು ಮುಖ್ಯವಾದ ಮಾತು. ಪೀಪಾಯಿಯಲ್ಲಿ ನೀರಿರುವ ತನಕ ಧೂಳಿಲ್ಲ. ಆದರೆ ಕಲ್ಲನ್ನು ಒಣಗಿದ ಚಕ್ರಕ್ಕೆ ಹಿಡಿದರೆ ಏಳುವ ಸಿಲಿಕದ ಧೂಳು ಶ್ವಾಸಕೋಶದಲ್ಲಿ ಕುಳಿತು ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತದೆ. ಖಂಭಾತದ ಸಾಣೆಗಾರರಲ್ಲಿ ಅನೇಕರು ಇದಕ್ಕೆ ತುತ್ತಾಗಿದ್ದಾರೆ. ಮನೆಯೇ ಕಾರ್ಖಾನೆಯಾದಲ್ಲಿ ಚಕ್ರ ಮುಟ್ಟದ ಮನೆಯವರೂ ಉಳಿದಿಲ್ಲ. ಗುಣಪಡಿಸುವ ಮದ್ದಿಲ್ಲ. ಚಾಳಿನ ಒಂದೇ ಕೋಣೆಯಲ್ಲಿ ಮಕ್ಕಳೊಡನೆ ಇರುವ ನಮ್ಮವರು ಒಣ ಸಾಣೆಯನ್ನು ಮನೆಯೊಳಗೆ ಎಂದೂ ತರಬಾರದು. ಚೆಲ್ಲಿದ ಕೆಸರನ್ನು ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಒರಸಬೇಕು, ಗುಡಿಸಬಾರದು. ಮೋರಿಗೂ ಸುರಿಯಬೇಡಿ, ಕೊಳವೆಯಲ್ಲಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ನಮ್ಮ ಮಿತ್ರರು ಈಗ ಅದನ್ನು ಹಳೆಯ ಡಬ್ಬದಲ್ಲಿ ತಳವಾಗಲು ಬಿಟ್ಟು, ತಿಳಿನೀರನ್ನು ಬಸಿದು, ಕೆಸರನ್ನು ಒದ್ದೆಯಾಗಿರುವಾಗಲೇ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡುತ್ತಿದ್ದಾರೆ.