ಎತ್ತರದ ಗಾಡಿ, ಸೊಟ್ಟ ಗಾಲಿ

ಅಕ್ಕಂದಿರೇ, ನಮ್ಮ ಬೈಲಹೊಂಗಲ, ಸವದತ್ತಿ ಕಡೆ ಎರೆ ಹೊಲ ಬಹಳ. ಮಳೆ ಬಿತ್ತೆಂದರೆ ಕೆಸರು ಗಾಲಿಗೆ ಮೆತ್ತುತ್ತದೆ. ಜೀಪಿನ ಹೊಟ್ಟೆ ನೆಲಕ್ಕೆ ತಾಗುತ್ತದೆ. ಅದಕ್ಕೇ ಕೆಲವರು ಜೀಪು ಎತ್ತರ ಮಾಡಿಸುತ್ತಾರೆ. ಮುಂದಿನ ಸ್ಪ್ರಿಂಗಿಗೆ ದಪ್ಪ ಬಿಲ್ಲೆ ಕೂಡಿಸುತ್ತಾರೆ. ಹಿಂದಿನ ಪಾಟಾಕ್ಕೆ ಒಂದು ಪಟ್ಟಿ ಹೆಚ್ಚಿಗೆ ಹಾಕುತ್ತಾರೆ. ಈ ಸಾಮಾನಿಗೆ ಲಿಫ್ಟ್ ಕಿಟ್ ಅನ್ನುತ್ತಾರೆ.

ನಾವೂ ಮಾಡಿಸಿದೆವು. ಸಂಘದ ಸಾಲದಿಂದ ಕೊಂಡ ಹಳೇ ಜೀಪು ಅದು. ಕೆಸರು ದಾಟಿತು, ಖುಷಿಪಟ್ಟೆವು. ಆದರೆ ಡಾಂಬರು ರಸ್ತೆಗೆ ಬಂದರೆ ಎಡಕ್ಕೇ ಎಳೆಯುತ್ತಿತ್ತು. ಮೂರು ತಿಂಗಳಿಗೆ ಮುಂದಿನ ಟಾಯರುಗಳ ಒಂದು ಅಂಚು ಬೋಳಾಯಿತು. ಟಾಯರು ಮಾರಿದವನಿಗೆ ಬೈದದ್ದೇ ಬೈದದ್ದು. ಪಾಪ, ಅವನ ತಪ್ಪು ಏನೂ ಇರಲಿಲ್ಲ.

ನಿಮ್ಮ ಚಪ್ಪಲಿ ನೋಡ್ರಿ. ಪಾದ ಸೊಟ್ಟ ಇಟ್ಟು ನಡೆದರೆ ಚಪ್ಪಲಿ ಒಂದೇ ಕಡೆ ಸವೆಯುತ್ತದೆ. ಗಾಲಿಯೂ ಹಾಗೇ. ಚಕ್ಕಡಿಯ ಗಾಲಿ ಒಂದೇ ಅಚ್ಚಿಗೆ ನೆಟ್ಟಗೆ ಇರುತ್ತವೆ. ಜೀಪಿನ ಮುಂದಿನ ಗಾಲಿ ಎಡಕ್ಕೂ ಬಲಕ್ಕೂ ತಿರುಗಬೇಕು. ಅದಕ್ಕೆ ಸರಳುಗಳ ಜೋಡಣೆ ಇದೆ. ಕಂಪನಿಯವರು ಒಂದು ಎತ್ತರಕ್ಕೆ ಲೆಕ್ಕ ಮಾಡಿ ಜೋಡಿಸಿರುತ್ತಾರೆ. ಗಾಡಿ ಮೇಲೇರಿದರೆ ಸರಳು ಓರೆಯಾಗುತ್ತವೆ. ಎರಡು ಗಾಲಿ ಒಂದೇ ದಿಕ್ಕು ನೋಡುವುದಿಲ್ಲ. ಗಾಲಿ ಉರುಳುತ್ತಲೇ ರಸ್ತೆಗೆ ತಿಕ್ಕಿಕೊಳ್ಳುತ್ತದೆ.

ಗಾಡಿ ನಿಂತಾಗ ಟಾಯರಿನ ಮೇಲೆ ಅಡ್ಡ ಅಂಗೈ ಆಡಿಸಿರಿ, ನಿಧಾನ. ಒಂದು ಕಡೆಯಿಂದ ನುಣುಪು, ತಿರುಗಿ ಬರುವಾಗ ಗರಗಸದ ಹಲ್ಲಿನ ಹಾಗೆ ತಾಗಿದರೆ ಗಾಲಿ ಸೊಟ್ಟ ಆಗಿದೆ ಎಂದು ತಿಳಿಯಿರಿ.

ಗಾಲಿ ನೆಟ್ಟಗೆ ಮಾಡುವುದಕ್ಕೆ ಅಲೈನ್‌ಮೆಂಟ್ ಎನ್ನುತ್ತಾರೆ. ಮೊದಲು ಟಾಯರುಗಳಿಗೆ ಹೇಳಿದಷ್ಟು ಗಾಳಿ ತುಂಬಿಸಬೇಕು. ಸರಳಿನ ಕೀಲು ಸವೆದಿದ್ದರೆ ಹೊಸದು ಹಾಕಿಸಬೇಕು. ಇಲ್ಲದಿದ್ದರೆ ಮಾಡಿದ ಅಲೈನ್‌ಮೆಂಟ್ ನಿಲ್ಲುವುದಿಲ್ಲ. ಯಂತ್ರದಿಂದ ಬರುವ ಚೀಟಿ ಕೇಳಿ ಪಡೆಯಿರಿ. ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಅಂತ ಅದರಲ್ಲಿ ಅಂಕಿ ಇರುತ್ತವೆ. ಅಂಕಿ ಓದಲು ಈಗ ನಮಗೆ ಬರುತ್ತದಲ್ಲ! ಹೊಸ ಸ್ಪ್ರಿಂಗ್ ಸ್ವಲ್ಪ ದಿನಕ್ಕೆ ಕುಸಿದು ಕೂರುತ್ತದೆ. ಆಗ ಮತ್ತೊಮ್ಮೆ ತೋರಿಸಬೇಕು.

ಇನ್ನೊಂದು ಮಾತು. ಎತ್ತರದ ಗಾಡಿ ತಿರುವಿನಲ್ಲಿ ಬೇಗ ವಾಲುತ್ತದೆ. ಹುಣ್ಣಿಮೆಗೆ ಮಕ್ಕಳು ಮರಿ ತುಂಬಿಕೊಂಡು ಎಲ್ಲಮ್ಮನ ಗುಡ್ಡ ಇಳಿಯುವಾಗ ನಮ್ಮ ಎದೆ ಡವಡವ ಅಂದಿತ್ತು.

ನಮ್ಮ ಗಾಡಿಗಳ ಮೇಲೆ ಕೆಎ 24 ಎಂದು ಬರೆದಿರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಕ್ಕೆ ಅದೇ ನಂಬರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಕಂಪನಿ ಮಾಡಿದ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದು ಅನ್ನುತ್ತದೆ. ಬೈಲಹೊಂಗಲದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಬೇಕಿತ್ತು. ನಾವು ಕೇಳಿರಲಿಲ್ಲ. ಕೊನೆಗೆ ಬಿಲ್ಲೆ, ಪಟ್ಟಿ ಎರಡೂ ತೆಗೆಸಿದೆವು. ಮತ್ತೆ ಅಲೈನ್‌ಮೆಂಟ್ ಮಾಡಿಸಿ, ಎರಡು ಹೊಸ ಟಾಯರು ಹಾಕಿಸಿದೆವು.